ಮೂರನೇ ಸಾಲಿನ ಆರು ಗೀಟು

ಬಸ್ ಓಡಿಸುವವರ ದಿನ ಎರಡು ತುಂಡು. ಬೆಳಗಿನ ಐದೂವರೆಯಿಂದ ಹತ್ತರವರೆಗೆ ಒಂದು, ಮಧ್ಯಾಹ್ನ ಮೂರರಿಂದ ಸಂಜೆ ಏಳೂವರೆವರೆಗೆ ಇನ್ನೊಂದು. ನಡುವಿನ ಐದು ಗಂಟೆ ನಿದ್ದೆಗೆಂದು ಡಿಪೋದವರು ಬಿಟ್ಟುಕೊಟ್ಟದ್ದು. ಆ ಹೊತ್ತಿನಲ್ಲಿ ಡ್ರೈವರಮ್ಮ ನಿದ್ದೆ ಮಾಡಿದ್ದನ್ನು ಕಂಡವರಿಲ್ಲ. ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ಕೂತು ತೂಕಡಿಸಿದ್ದನ್ನು ಕಂಡವರಿದ್ದಾರೆ, ಅಷ್ಟೇ.

ಡ್ರೈವರಮ್ಮ ಎನ್ನುವುದು ಪ್ರಯಾಣಿಕರು ಇಟ್ಟ ಹೆಸರು. ಅದು ಹೇಗೋ ಮನೆಯೊಳಗೂ ಬಂದು ತಳವೂರಿ, ಗಂಡನೂ ಹಾಗೇ ಕರೆಯತೊಡಗಿ, ಈಗ ಯಾರಾದರೂ ಹುಟ್ಟುಹೆಸರು ಹಿಡಿದು ಕೂಗಿದರೆ ಅವಳೇ ಹಿಂದೆ ತಿರುಗಿ ಯಾರನ್ನು ಕರೆದರೆಂದು ನೋಡುತ್ತಾಳೆ.

ಆ ಸೋಮವಾರ ಸಂಜೆ ಅವಳು ಇನ್ನೂ ಶೂ ಬಿಚ್ಚುತ್ತಿದ್ದಳು. ಮಗಳು ಬಂದು ಎದುರು ನಿಂತಳು. ಹನ್ನೊಂದು ವರ್ಷದ ಹುಡುಗಿ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಅಜ್ಜಿ ಜೀರಿಗೆ ಎಂದು ಕರೆದಿದ್ದು ಹಾಗೇ ಉಳಿದುಕೊಂಡಿತ್ತು.

“ಅಮ್ಮ, ಭಾನುವಾರ ಲೀಡರ್ ನಮ್ಮನೆಗೆ ಬರ್ತಾಳೆ. ಅವಳಿಗಳೂ ಬರ್ತಾರೆ.”

“ಬರಲಿ. ಕೂರೋಕೆ ಜಾಗ ಇದ್ಯಲ್ಲ.”

“ಬರಲಿ ಅಂದ್ರೆ ಸಾಲಲ್ಲ. ನಮ್ಮ ಹಾಡೋ ಗೇಮ್‌ನಲ್ಲಿ ಕಿಟಕಿ ಹಾಡು ಇರ್ಬೇಕು.”

“ಇಲ್ವಲ್ಲ ಅದು.”

“ಅದಕ್ಕೇ ನೀನು ಹಾಕ್ತೀಯ ಅಂತ ಹೇಳ್ಬಿಟ್ಟಿದ್ದೀನಿ.”

ಡ್ರೈವರಮ್ಮ ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಮಗಳ ಮುಖ ನೋಡಿದಳು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

ವಿಷಯ ಇಷ್ಟು. ಶಾಲೆಯ ವಾರ್ಷಿಕೋತ್ಸವದಲ್ಲಿ ತರಗತಿಯವರೆಲ್ಲ ಸೇರಿ ಒಂದು ಹಾಡು ಹಾಡಬೇಕು, ಈ ಸಲ ಕಿಟಕಿ ಹಾಡು. ನಾಲ್ವರು ಮುಂದೆ, ಮೈಕಿನ ಹತ್ತಿರ. ಉಳಿದವರು ಹಿಂದೆ ಸಾಲಾಗಿ. ಹೋದ ಎರಡು ವರ್ಷವೂ ಜೀರಿಗೆಯನ್ನು ಹಿಂದಿನ ಸಾಲಿನ ಎಡತುದಿಗೆ ನಿಲ್ಲಿಸಿ ಟೀಚರ್ ಅವಳ ಕಿವಿಯಲ್ಲಿ ಒಂದು ಮಾತು ಹೇಳಿದ್ದರು: “ನೀನು ಬಾಯಿ ಮಾತ್ರ ಆಡಿಸು ಪುಟ್ಟ, ಸಾಕು.” ಎರಡು ವರ್ಷ ಅವಳು ಬಾಯಿ ಮಾತ್ರ ಆಡಿಸಿದ್ದಳು. ಮನೆಗೆ ಬಂದು ಅದನ್ನು ಹೇಳಿರಲಿಲ್ಲ. ಬೇರೊಬ್ಬ ಹುಡುಗಿಯ ತಾಯಿ ಬಸ್ಸಿನಲ್ಲಿ ನಗುತ್ತ ಹೇಳಿದಾಗಲೇ ಡ್ರೈವರಮ್ಮನಿಗೆ ಗೊತ್ತಾದದ್ದು. ಈ ಸಲ ನಾಲ್ವರನ್ನು ನೀವೇ ಆರಿಸಿಕೊಳ್ಳಿ ಎಂದು ಟೀಚರ್ ತರಗತಿಯ ಲೀಡರಿಗೆ ಬಿಟ್ಟಿದ್ದರು. ಲೀಡರ್ ಮತ್ತು ಅವಳಿ ಹುಡುಗಿಯರು ಸೇರಿ ಮೂವರಾದರು. ನಾಲ್ಕನೆಯವಳಿಗೆ ಲೀಡರ್ ಒಂದು ಕಾನೂನು ಮಾಡಿದಳು: ಟಿವಿ ಮುಂದೆ ಮೈಕ್ ಹಿಡಿದು ಹಾಡಿದರೆ ಅಂಕ ಕೊಡುವ ಗೇಮಿನಲ್ಲಿ ನೂರಕ್ಕೆ ಎಂಬತ್ತು ತೆಗೆದರೆ ಜೀರಿಗೆ. ಇಲ್ಲವಾದರೆ ಕಿಟಕಿ ಪಕ್ಕದ ಬೆಂಚಿನ ಹುಡುಗಿ.

“ಮೆಷಿನ್ ಹೇಳಿದ್ದೇ ಕೊನೆ ಮಾತಂತೆ,” ಎಂದಳು ಜೀರಿಗೆ. “ಮೆಷಿನ್‌ಗೆ ಯಾರೂ ಫ್ರೆಂಡ್ ಅಲ್ವಲ್ಲ.”

ಒಳಗಿನಿಂದ ಗಂಡ ಕೂಗಿದ. ಅವನು ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತಿ ಇಳಿಸಿ, ಸಂಜೆ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಅಡುಗೆ ಮಾಡುವವನು. “ಮಗಳೇ, ನಿಮ್ಮಮ್ಮ ಬಸ್ ಓಡಿಸ್ತಾಳೆ, ಕಂಪ್ಯೂಟರ್ ಅಲ್ಲ.”

“ಕಲೀತಾಳೆ ಬಿಡಪ್ಪ.”

ಕಲಿಸಿದವನು ಡಿಪೋದ ಎಲೆಕ್ಟ್ರಿಷಿಯನ್. ಬಸ್ಸಿನ ದೀಪಗಳಿಗಿಂತ ಈ ಗೇಮಿನ ಮೇಲೇ ಜೀವ ಇಟ್ಟುಕೊಂಡವನು. ತನಗೆ ಬೇಕಾದ ನೂರಾರು ಹಾಡು ತಾನೇ ಮಾಡಿ ಹಾಕಿಕೊಂಡಿದ್ದ. ಮರುದಿನ ಬೆಳಗಿನ ಚಹಾದ ಹೊತ್ತಿನಲ್ಲಿ ಅವಳಿಗೊಂದು ಹಳೇ ಲ್ಯಾಪ್‌ಟಾಪ್ ಕೊಟ್ಟು ಪಾಠ ಶುರು ಮಾಡಿದ.

“ಮೊದಲು ಹಾಡನ್ನ ಟೈಪ್ ಮಾಡಿ ಅಕ್ಕ. ಆಮೇಲೆ ಒಂದೊಂದು ಪದಾನೂ ತುಂಡು ಮಾಡಿ. ಒಂದು ತುಂಡಿಗೆ ಒಂದು ಗೀಟು. ಗೀಟು ಎಷ್ಟು ಉದ್ದ ಇದ್ಯೋ ಅಷ್ಟು ಹೊತ್ತು ಎಳೀಬೇಕು, ಎಷ್ಟು ಮೇಲಿದ್ಯೋ ಅಷ್ಟು ಏರಿಸ್ಬೇಕು. ಹಾಡೋರ ದನಿ ಗೀಟಿನ ಮೇಲೇ ಹೋದ್ರೆ ಬಣ್ಣ ತುಂಬುತ್ತೆ. ಉದ್ದದ ಗೀಟಿಗೆ ಮಾರ್ಕ್ಸ್ ಜಾಸ್ತಿ.”

“ಒಟ್ಟು ಎಷ್ಟು ಗೀಟು?”

“ನಿಮ್ಮ ಹಾಡಿಗೆ ಇನ್ನೂರರ ಹತ್ರ.”

“ಮಲಗೋದು ಯಾವಾಗಪ್ಪ ನಾನು?”

“ಆ ಬಟನ್ ಇದರಲ್ಲಿ ಇಲ್ಲಕ್ಕ.”

ಹಾಡು ಹಳೆಯದು, ರೇಡಿಯೊ ಕಾಲದ್ದು. ಎಲ್ಲರ ಬಾಯಲ್ಲೂ ಇರುವಂಥದ್ದು.

ಬೆಟ್ಟದ ಮೇಲೊಂದು ಕಿಟಕಿ ಇದೆ,
ಕಿಟಕಿಗೆ ಬೆಳ್ಳಿಯ ಚಿಲಕ ಇದೆ,
ತೆರೆದರೆ ಆಕಾಶ ಹತ್ತಿರ,
ಮುಚ್ಚಿದರೆ ನಿನ್ನದೇ ಉತ್ತರ.

ಮಂಗಳವಾರ, ಮನೆ ಖಾಲಿಯಿದ್ದ ಆ ಐದು ಗಂಟೆಯಲ್ಲಿ, ಅವಳು ಪದಗಳನ್ನು ಕತ್ತರಿಸಿದಳು. ‘ಹತ್ತಿರ’ ಎಂಬುದನ್ನು ಬರೆಯುವ ಹಾಗೆಯೇ ಹ, ತ್ತಿ, ರ ಎಂದು ಕತ್ತರಿಸಿದ್ದಳು. ಬುಧವಾರ ಅದನ್ನು ನೋಡಿ ಎಲೆಕ್ಟ್ರಿಷಿಯನ್ ನಕ್ಕ. “ಅಕ್ಕ, ಕಣ್ಣಿಂದ ಕತ್ತರಿಸ್ಬೇಡಿ, ಬಾಯಿಂದ ಕತ್ತರಿಸಿ. ಹತ್, ತಿ, ರ. ಮೊದಲನೇ ಗೀಟು ಮುಗಿಯೋದು ನಾಲಿಗೆ ಹಲ್ಲಿಗೆ ತಾಗಿದಾಗ.” ಬೆಟ್ಟ, ಬೆಳ್ಳಿ, ಮುಚ್ಚಿ, ಉತ್ತರ, ಎಲ್ಲವನ್ನೂ ಮತ್ತೆ ಕತ್ತರಿಸಬೇಕಾಯಿತು. ಅಂದು ಮಧ್ಯಾಹ್ನದ ಸುತ್ತಿನಲ್ಲಿ ಸ್ಟಾಪುಗಳ ಹೆಸರು ಹೇಳುವಾಗಲೂ ಅವಳ ಬಾಯಿ ಅವನ್ನು ತುಂಡು ಮಾಡಿಯೇ ಹೇಳುತ್ತಿತ್ತು. ಮುಂದಿನ ಸೀಟಿನ ಮುದುಕಿ, “ಹಲ್ಲುನೋವಾ ಡ್ರೈವರಮ್ಮ?” ಎಂದು ಕೇಳಿದಳು.

ಬುಧವಾರ, ಗುರುವಾರ ಎರಡೂ ದಿನ ಗೀಟುಗಳನ್ನು ಹೊತ್ತಿಗೆ ಕೂರಿಸುವ ಕೆಲಸ. ಹಾಡು ಓಡುತ್ತಿರುತ್ತದೆ, ಒಂದೊಂದು ತುಂಡು ಬಂದಾಗಲೂ ಕೀಬೋರ್ಡಿನ ಉದ್ದನೆಯ ಬಟನ್ ಒತ್ತಬೇಕು, ತುಂಡು ಮುಗಿಯುವವರೆಗೆ ಒತ್ತಿಯೇ ಇರಬೇಕು, ಆಮೇಲೆ ಬಿಡಬೇಕು. ಬೆರಳು ಒತ್ತಿದಾಗಲೆಲ್ಲ ಅವಳ ಬಲಗಾಲೂ ನೆಲ ಒತ್ತುತ್ತಿತ್ತು, ಬ್ರೇಕ್ ಮೇಲಿಟ್ಟ ಹಾಗೆ. ನಡುವೆ ಕಣ್ಣು ಮುಚ್ಚಿಕೊಂಡು ಹೋಗಿ ಇಡೀ ಒಂದು ಚರಣಕ್ಕೆ ಒಂದೇ ಗೀಟಾಗಿದ್ದೂ ಉಂಟು. ಹಾಗಾದಾಗ ಹಿಂದಕ್ಕೆ ಹೋಗಿ ಮತ್ತೆ ಶುರು. ಕಿವಿಯೆಲ್ಲ ಹೊತ್ತಿನ ಮೇಲೇ, ರಾಗದ ಮೇಲಲ್ಲ.

ಉಳಿದದ್ದು ಸ್ವರ. ಒಂದೊಂದು ಗೀಟನ್ನೂ ಮೇಲೆ ಕೆಳಗೆ ಸರಿಸಿ ಕೂರಿಸಬಹುದು, ಆದರೆ ಅದಕ್ಕೆ ಇನ್ನೊಂದು ವಾರ ಬೇಕು. “ಸುಲಭದ ದಾರಿ ಹೇಳ್ತೀನಿ,” ಎಂದಿದ್ದ ಎಲೆಕ್ಟ್ರಿಷಿಯನ್. “ಮೈಕ್ ಹಿಡಿದು ನೀವೇ ಹಾಡ್ಬಿಡಿ. ನೀವು ಹಾಡಿದ ಎತ್ತರಕ್ಕೆ ಗೀಟು ತಾನೇ ಹೋಗಿ ಕೂರುತ್ತೆ.” ರೇಡಿಯೊ ಗಾಯಕಿಯ ದನಿ ತೆಗೆದು ಬರೀ ವಾದ್ಯ ಉಳಿಸಿದ ಹಾಡನ್ನೂ ಅವನೇ ಮಾಡಿಕೊಟ್ಟಿದ್ದ, ಗೇಮಿನಲ್ಲಿ ಕೇಳಿಸುವುದು ಅದೇ. ಶುಕ್ರವಾರ ಡ್ರೈವರಮ್ಮ ಕಿವಿಗೆ ಹೆಡ್‌ಫೋನ್ ಹಾಕಿ, ವಾದ್ಯದ ಜೊತೆ ಒಂದೇ ಉಸಿರಿಗೆ ಹಾಡಿ ಮುಗಿಸಿದಳು. ಬಂಡಿಗಟ್ಟಲೆ ಕೆಲಸ ಮೂರು ನಿಮಿಷದಲ್ಲಿ ಮುಗಿದಿತ್ತು. ಅಂದು ಇಪ್ಪತ್ತು ನಿಮಿಷ ಮಲಗಿದಳು ಕೂಡ.

ಶನಿವಾರ ಎರಡು ಗಂಟೆಗೆ, ಡ್ಯೂಟಿಗೆ ಹೊರಡುವ ಮುನ್ನ ಒಂದು ಸಲ ನೋಡಿಬಿಡೋಣ ಎಂದು ರೇಡಿಯೊ ಗಾಯಕಿಯ ದನಿಯನ್ನೂ ಗೀಟುಗಳ ಎತ್ತರಕ್ಕೆ ಮೆಷಿನ್ ನುಡಿಸುವ ಸದ್ದನ್ನೂ ಒಟ್ಟಿಗೆ ಹಾಕಿದಳು. ಮೊದಲೆರಡು ಸಾಲು ಕೈಗೆ ಕೈ ಕೂಡಿದ ಹಾಗೆ ಹೋದವು. ಮೂರನೆಯದರಲ್ಲಿ ಗಾಯಕಿ ‘ಆಕಾಶ ಹತ್ತಿರ’ ಎಂದು ಮೆಟ್ಟಿಲು ಹತ್ತಿದಂತೆ ಮೇಲೆ ಹೋದಳು. ಗೀಟುಗಳು ಕೆಳಗಿಳಿದವು.

ಮೆಷಿನ್ ತಪ್ಪೆಂದುಕೊಂಡು ಮತ್ತೆ ಹಾಕಿದಳು. ಮತ್ತೆ ಹಾಗೇ. ಆ, ಕಾ, ಶ, ಹತ್, ತಿ, ರ. ಆರು ಗೀಟು. ಆ ಸಾಲು ಹಾಡಿನಲ್ಲಿ ಎಂಟು ಸಲ ತಿರುಗಿ ಬರುತ್ತದೆ, ಎಂಟು ಸಲವೂ ಎಳೆದು ಹಾಡುವಂಥದ್ದು, ಎಂಟು ಕಡೆಯೂ ಅವಳು ತಲೆ ತಗ್ಗಿಸಿಕೊಂಡು ಇಳಿದಿದ್ದಳು.

ಯಾಕೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜೀರಿಗೆ ಕೂಸಾಗಿದ್ದಾಗ ಹೆಗಲ ಮೇಲೆ ಹಾಕಿಕೊಂಡು ಈ ಹಾಡನ್ನೇ ಹೇಳಿ ಮಲಗಿಸುತ್ತಿದ್ದದ್ದು. ಮೂರನೇ ಸಾಲಿನಲ್ಲಿ ದನಿ ಏರಿದರೆ ಸಾಕು, ಆಗಷ್ಟೇ ಕಣ್ಣು ಮುಚ್ಚಿದ ಮಗು ಬೆಚ್ಚಿ ಎದ್ದು ಅಳುತ್ತಿತ್ತು. ಮತ್ತೆ ಅರ್ಧ ಗಂಟೆ ನಡೆದಾಡಬೇಕು. ಬೆಳಗ್ಗೆ ನಾಲ್ಕೂವರೆಗೆ ಏಳಬೇಕಾದವಳು ಒಂದು ದಿನ ಆ ಸಾಲನ್ನು ಗೇರ್ ಇಳಿಸಿದ ಹಾಗೆ ಇಳಿಸಿಬಿಟ್ಟಳು. ಮಗು ಏಳಲಿಲ್ಲ. ಅಂದಿನಿಂದ ಈ ಮನೆಯ ಆಕಾಶ ಹೆಗಲೆತ್ತರದಲ್ಲೇ ಉಳಿಯಿತು. ಮಗಳು ಕಲಿತದ್ದೂ ಅದನ್ನೇ. ‘ಬಾಯಿ ಮಾತ್ರ ಆಡಿಸು’ ಎಂದ ಟೀಚರ್ ಕೇಳಿಸಿಕೊಂಡಿದ್ದು ಇಂಥದ್ದನ್ನೇ ಇರಬೇಕು.

ಎಂಟು ಕಡೆ ಆರು ಗೀಟು ಸರಿಸಲು ಕಾಲು ಗಂಟೆ ಸಾಕಿತ್ತು. ಗೋಡೆಯ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು. ಸಮಯವಿತ್ತು. ಸರಿಸಿದರೆ ಜೀರಿಗೆಗೆ ಎಂಬತ್ತು ಬರುವುದಿಲ್ಲ ಎನ್ನುವುದೂ ಗೊತ್ತಿತ್ತು. ಡ್ರೈವರಮ್ಮ ಪರದೆಯನ್ನೇ ನೋಡುತ್ತ ಕೂತಳು. ಮೈಯೆಲ್ಲ ಭಾರ. ನಾಳೆ ನೋಡೋಣ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚುವಾಗಲೇ ತಿಳಿದಿತ್ತು, ನಾಳೆಯೂ ತಾನದನ್ನು ನೋಡುವುದಿಲ್ಲ.

ಅಂದು ಸಂಜೆ ಜೀರಿಗೆ ಅಪ್ಪ ಅಮ್ಮನ ಮುಂದೆ ಹಾಡಿದಳು. ಟಿವಿಯ ಮೇಲೆ ಗೀಟುಗಳು ಒಂದರ ಹಿಂದೊಂದು ಹಸಿರಾಗುತ್ತ ಹೋದವು. ತೊಂಬತ್ತೊಂದು. ಹುಡುಗಿ ಮೈಕ್ ಹಿಡಿದು ಹಾಗೇ ನಿಂತುಬಿಟ್ಟಳು, ಯಾರೋ ಬಂದು ಇಲ್ಲ ತಪ್ಪಾಯ್ತು ಎಂದು ಅಂಕ ವಾಪಸ್ ತೆಗೆದುಕೊಳ್ಳುತ್ತಾರೇನೋ ಎಂಬಂತೆ. ಆಮೇಲೆ ಬಹಳ ಮೆತ್ತಗೆ ಕೇಳಿದಳು, “ಹಾಗಾದ್ರೆ ನಂಗೆ ಹಾಡೋಕೆ ಬರುತ್ತೆ, ಅಲ್ವಮ್ಮ?”

“ಬರುತ್ತೆ ಕಣೇ,” ಎಂದಳು ಡ್ರೈವರಮ್ಮ.

ಮಗಳು ಆಚೆ ಹೋದಮೇಲೆ ಗಂಡ ಹೆಂಡತಿಯ ಮುಖ ನೋಡಿದ. “ಏನಾಯ್ತು? ಗೆದ್ದೋರ ಮನೆಯವ್ರ ಮುಖ ಹೀಗಿರಲ್ಲ.”

“ನಿದ್ದೆ.”

ಆ ಮನೆಯಲ್ಲಿ ಅದು ಯಾವ ಪ್ರಶ್ನೆಗಾದರೂ ನಡೆಯುವ ಉತ್ತರ.

ಭಾನುವಾರ ಹನ್ನೊಂದಕ್ಕೆ ಹುಡುಗಿಯರು ಬಂದರು. ಲೀಡರ್ ಎತ್ತರದ ಹುಡುಗಿ, ಬಾಗಿಲಲ್ಲೇ ಚಪ್ಪಲಿ ಜೋಡಿಸಿಟ್ಟು, “ನಮಸ್ತೆ ಆಂಟಿ” ಎಂದು ದೊಡ್ಡವರ ಹಾಗೆ ಕೈಮುಗಿದಳು. ಅವಳಿಗಳು ಸೋಫಾದ ಒಂದೇ ಮೂಲೆಗೆ ಹೋಗಿ ಒತ್ತಿಕೊಂಡು ಕೂತರು. ಜೀರಿಗೆ ಮೊದಲು ಹಾಡಿದಳು. ತೊಂಬತ್ತೆರಡು.

ಅವಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇವಳಾ?” ಎಂದಳು ಒಬ್ಬಳು. “ಇವಳೇ,” ಎಂದಳು ಇನ್ನೊಬ್ಬಳು.

“ಮೆಷಿನ್ ಹೇಳಿದ್ದೇ ಕೊನೆ ಮಾತು,” ಎಂದಳು ಲೀಡರ್, ಹಿಂದೆಮುಂದೆ ನೋಡದೆ. “ನಾಲ್ಕನೆಯವಳು ಜೀರಿಗೆ. ಈಗ ನಾನೂ ಒಂದ್ಸಲ ಹಾಡ್ಲಾ? ಸುಮ್ನೆ.”

ಹುಡುಗಿಯ ದನಿಗೆ ಡ್ರೈವರಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅಂಥ ದನಿ. ಮೂರನೇ ಸಾಲಿಗೆ ಬಂದಾಗ ಅದು ಯಾವ ಕಷ್ಟವೂ ಇಲ್ಲದೆ ಮೇಲಕ್ಕೆ ಹೋಯಿತು, ಪರದೆಯ ಮೇಲೆ ಆರು ಗೀಟುಗಳು ಕೆಳಗೆ ಬೆಳ್ಳಗೆ ಖಾಲಿ ಬಿದ್ದುಕೊಂಡಿದ್ದವು. ಎಂಟು ಸಲವೂ. ಅರವತ್ತೊಂದು.

“ಮೆಷಿನ್ ಕೆಟ್ಟಿದೆ,” ಎಂದಳು ಲೀಡರ್.

“ಈಗ ತಾನೆ ಅದೇ ಕೊನೆ ಮಾತು ಅಂದೆ,” ಎಂದಳು ಅವಳಿಗಳಲ್ಲಿ ಒಬ್ಬಳು. “ಸೋತವ್ರೆಲ್ಲ ಹಂಗೇ ಹೇಳೋದು,” ಎಂದು ಇನ್ನೊಬ್ಬಳು ಸೇರಿಸಿದಳು. ಜೀರಿಗೆ ಜೋರಾಗಿ ನಕ್ಕಳು. ಮಗಳು ಹಾಗೆ ನಕ್ಕದ್ದನ್ನು ಡ್ರೈವರಮ್ಮ ಎಷ್ಟೋ ದಿನದಿಂದ ಕೇಳಿರಲಿಲ್ಲ.

ಲೀಡರ್ ಮತ್ತೆ ಹಾಡಿದಳು. ಐವತ್ತೊಂಬತ್ತು. ಈ ಸಲ ಮೆಷಿನ್ನಿನ ತಪ್ಪೆನ್ನಲಿಲ್ಲ. ಡ್ರೈವರಮ್ಮನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು. “ಆಂಟಿ, ನಂಗೆ ಕಿವಿ ಸರಿ ಇಲ್ವಾ? ಮನೇಲಿ ಎಲ್ರೂ ಚೆನ್ನಾಗ್ ಹಾಡ್ತೀಯ ಅಂತಿದ್ರು. ಸುಮ್ನೆ ಅಂತಿದ್ರಾ?”

ಉತ್ತರಕ್ಕೆ ಕಾಯದೆ ಮೂರನೇ ಸಲ ಶುರು ಮಾಡಿದಳು. ಈಗ ಅವಳ ಕಣ್ಣು ಗೀಟಿನ ಮೇಲೇ ನೆಟ್ಟಿತ್ತು. ಮೂರನೇ ಸಾಲು ಬಂದಾಗ ಗಲ್ಲವನ್ನು ಎದೆಗೆ ಒತ್ತಿ, ಮೇಲೆ ಹೋಗಬೇಕೆಂದ ದನಿಯನ್ನು ಹೋಗಗೊಡದೆ ಕೆಳಕ್ಕೆ ದೂಡಿದಳು. ಒಂದೆರಡು ಗೀಟು ಹಸಿರಾದವು. ಮತ್ತೆ ಬಂದಾಗ ಇನ್ನೂ ಎರಡು. ಕಲಿಯುತ್ತಿದ್ದಳು. ಬೇಗ ಕಲಿಯುವ ಹುಡುಗಿ. ಅವಳ ಬಾಯಲ್ಲಿ ಕೇಳುತ್ತಿದ್ದದ್ದು ನಾಲ್ಕೂವರೆಗೆ ಏಳಬೇಕಾದ ಹೆಂಗಸೊಬ್ಬಳ ದನಿ.

“ಸಾಕಮ್ಮ, ನಿಲ್ಸು,” ಎಂದಳು ಡ್ರೈವರಮ್ಮ. “ನೀನು ಮೊದಲು ಹಾಡಿದ್ದೇ ಸರಿ. ಗೀಟು ತಪ್ಪು. ಹಾಕಿದ್ದು ನಾನು.”

“ಅಮ್ಮ, ತಮಾಷೆ ಮಾಡ್ಬೇಡ,” ಎಂದಳು ಜೀರಿಗೆ. ನಗು ಇನ್ನೂ ಮುಖದಲ್ಲಿತ್ತು.

ಮಾತು ಸಾಲದೆಂದು ಡ್ರೈವರಮ್ಮ ಲ್ಯಾಪ್‌ಟಾಪ್ ತೆಗೆದು ರೇಡಿಯೊ ಗಾಯಕಿಯ ದನಿ ಹಾಕಿದಳು. ಆಕಾಶ ಹತ್ತಿರ. ನಾಲ್ವರು ಹುಡುಗಿಯರೂ ಕೇಳಿದರು. “ಅಯ್ಯೋ, ಇದು ಮೇಲೆ ಹೋಗುತ್ತೆ,” ಎಂದರು ಅವಳಿಗಳು ಒಟ್ಟಿಗೆ. ಜೀರಿಗೆಯ ಮುಖದಿಂದ ನಗು ನಿಧಾನ ಇಳಿಯಿತು.

“ನಿಂಗೆ ಯಾವಾಗ ಗೊತ್ತಾಯ್ತು?”

ಈಗ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ, ನಿನ್ನೆ, ಎರಡಕ್ಕೂ ಎರಡೆರಡೇ ಗೀಟು. ಒಂದರ ಜಾಗದಲ್ಲಿ ಇನ್ನೊಂದು ಹೇಳಿದರೆ ಯಾವ ಮೆಷಿನ್ನೂ ಹಿಡಿಯುತ್ತಿರಲಿಲ್ಲ.

“ನಿನ್ನೆ,” ಎಂದಳು ಡ್ರೈವರಮ್ಮ.

ಅವಳು ಅಲ್ಲೇ ಕೂತು ಎಂಟು ಕಡೆ ಆರಾರು ಗೀಟನ್ನು ಮೇಲೆ ಸರಿಸಿದಳು. ಕಾಲು ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಜೀರಿಗೆ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದಳು. ಆಮೇಲೆ ಲೀಡರ್ ಹಾಡಿದಾಗ ತೊಂಬತ್ತೈದು ಬಂತು. ಜೀರಿಗೆ ತಾನೂ ಹಾಡುತ್ತೇನೆ ಎಂದಳು. ಬೇಡವೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೂರನೇ ಸಾಲಿನಲ್ಲಿ ಏರಲು ಹೋಗಿ ಅರ್ಧದಲ್ಲೇ ದನಿ ಒಡೆಯಿತು, ಆಮೇಲೆ ಹಳೇ ದಾರಿಯಲ್ಲೇ ಇಳಿಯಿತು. ಐವತ್ತೇಳು.

“ನಾಳೆ ನೋಡೋಣ ಜೀರಿಗೆ,” ಎಂದಳು ಲೀಡರ್, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ. ನಾಳೆ ನೋಡೋಣ ಎಂಬ ಮಾತಿನ ಅರ್ಥ ಆ ಮನೆಯಲ್ಲಿ ಒಬ್ಬಳಿಗಂತೂ ಚೆನ್ನಾಗಿ ಗೊತ್ತಿತ್ತು.

ಅಂದೆಲ್ಲ ಮಗಳು ತಾಯಿಯ ಜೊತೆ ಮಾತಾಡಲಿಲ್ಲ. “ಅಪ್ಪ, ಊಟ ಬೇಡ ಅಂತ ಅಮ್ಮನಿಗೆ ಹೇಳು,” ಎಂದಳು.

“ನಾನೇನು ಅಂಚೆಯವನಾ? ಎರಡು ಮಾರು ದೂರದಲ್ಲಿದ್ದಾಳೆ, ನೀನೇ ಹೇಳು.”

ಜೀರಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಸೋಮವಾರ ಏಳೂವರೆ ಕಳೆದು ಡ್ರೈವರಮ್ಮ ಮನೆಗೆ ಬಂದಾಗ ಟಿವಿ ಹತ್ತಿಕೊಂಡಿತ್ತು. ಜೀರಿಗೆ ಮೈಕ್ ಹಿಡಿದು ನಿಂತಿದ್ದಳು.

“ಶಾಲೇಲಿ ಏನಾಯ್ತೇ?”

“ಕಿಟಕಿ ಬೆಂಚಿನವಳು ಮುಂದೆ. ನಾನು ಹಿಂದಿನ ಸಾಲು.” ಮೈಕನ್ನು ತಾಯಿಯ ಮೂಗಿನ ಹತ್ತಿರಕ್ಕೆ ಚಾಚಿದಳು. “ಹಾಡು.”

“ಈಗಾ? ಒಂಬತ್ತು ಗಂಟೆ ಸ್ಟೀರಿಂಗ್ ಹಿಡಿದು ಬಂದಿದ್ದೀನಿ, ಕೈಕಾಲು ಬಿದ್ದುಹೋಗಿದೆ.”

“ಕೈಕಾಲಲ್ಲಿ ಹಾಡ್ಬೇಕಿಲ್ಲ.”

ಒಳಗೆ ಗಂಡ ಸೌಟು ಆಡಿಸುವುದನ್ನು ನಿಲ್ಲಿಸಿದ. ಡ್ರೈವರಮ್ಮ ಚೀಲ ಹೆಗಲಿನಿಂದ ಇಳಿಸದೆಯೇ ಮೈಕ್ ತೆಗೆದುಕೊಂಡಳು. ಬೆಟ್ಟ ಬಂತು, ಚಿಲಕ ಬಂತು. ಮೂರನೇ ಸಾಲು ಬಂದಾಗ, ಏರಬೇಕೆಂದು ಗೊತ್ತಿದ್ದೂ, ಕಣ್ಣೆದುರು ಗೀಟು ಮೇಲಿದ್ದೂ, ಬಾಯಿ ತನ್ನ ಪಾಡಿಗೆ ಇಳಿಯಿತು. ಒಂದು ಸಲವಲ್ಲ, ಎಂಟು ಸಲ. ನಲವತ್ತೆಂಟು.

“ಇಳಿಸಿದೆ,” ಎಂದಳು ಜೀರಿಗೆ.

“ಬೇಕಂತ ಇಳಿಸ್ಲಿಲ್ಲ ಕಣೇ. ಬಾಯಿಗೆ ಅದೇ ರೂಢಿ.”

“ನಂಗೂ ಅಷ್ಟೇ.”

ಚೀಲದ ಪಟ್ಟಿ ಹೆಗಲು ಕೊರೆಯುತ್ತಿತ್ತು. ಮಗಳು ಹಾಡನ್ನು ಮತ್ತೆ ಮೊದಲಿಗೆ ತಂದು, ಮೈಕಿನ ಇನ್ನೊಂದು ಬದಿಗೆ ತನ್ನ ಬಾಯಿಯನ್ನೂ ತಂದಳು. ಇಬ್ಬರೂ ಹಾಡಿದರು. ಮೂರನೇ ಸಾಲಿನಲ್ಲಿ ಇಬ್ಬರೂ ಏರಿದರು, ಒಬ್ಬಳ ದನಿ ಕೀರಲಾಯಿತು, ಇನ್ನೊಬ್ಬಳದು ಗಾಳಿ ಹೋದ ಟೈರಿನಂತೆ ಬುಸ್ಸೆಂದಿತು. ‘ಶ’ದ ಗೀಟು ಒಂದೇ ಒಂದು ಹಸಿರಾಯಿತು. ಉಳಿದ ಐದಕ್ಕೆ ಯಾರೂ ತಲುಪಲಿಲ್ಲ.

ಮೂವತ್ತೊಂಬತ್ತು.

“ಮೊದಲಿಗಿಂತ ಕಮ್ಮಿ ಆಯ್ತಲ್ಲೇ,” ಎಂದಳು ಡ್ರೈವರಮ್ಮ.

“ಆಗ್ಲಿ. ಮೇಲೆ ಹೋಗಿ ಕಮ್ಮಿ ಆಗಿದ್ದು.” ಜೀರಿಗೆ ಆಗಲೇ ಹಾಡನ್ನು ಮತ್ತೆ ಮೊದಲಿಗೆ ತರುತ್ತಿದ್ದಳು. “ಚೀಲ ಇಳಿಸಿ ನಿಂತ್ಕೊ. ಉಸಿರು ಸಾಕಾಗ್ತಿಲ್ಲ ನಿಂಗೆ.”